ಬಾಗಿಲು ಚೆಲ್ಲದ ಮಾತು

“ಆರನೇ ಇಯತ್ತೆ ದಾಟದವ ನನ್ನ ಬಾಗಲಾ ಓದ್ತಾನಂತ. ಮದ್ಲ ಅಂಗಿ ಗುಂಡಿ ನೆಟ್ಟಗ ಹಾಕ್ಕೊಳ್ಳಾಕ ಕಲೀಲಿ,” ಎಂದು ಶಾವಂತ್ರೆವ್ವ ಇಡೀ ಓಣಿಯ ಮುಂದೆ ಹೇಳಿದಳು. ಹಿಟ್ಟಿನ ಗಿರಣಿಯ ಅಂಗಳದಲ್ಲಿ ಸೇರಿದ್ದವರೆಲ್ಲ ನನ್ನ ಅಂಗಿಯ ಕಡೆ ನೋಡಿದರು. ನಾನೂ ನೋಡಿಕೊಂಡೆ. ಒಂದು ಗುಂಡಿ ತಪ್ಪಿ ಅಂಗಿಯ ಒಂದು ಅಂಚು ಕೆಳಗೆ ಜೋತಾಡುತ್ತಿತ್ತು. ಎಲ್ಲರೂ ನಕ್ಕರು. ಮಂದಿ ನಗುವಾಗ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಳ್ಳುವುದು ಎಂಥ ಹೀನಾಯ ಎಂಬುದು ಹಾಗೆ ಹಾಕಿಕೊಂಡವರಿಗೇ ಗೊತ್ತು. ನಾನು ಹಾಕಿಕೊಳ್ಳಲಿಲ್ಲ, ಹಾಗೇ ನಿಂತೆ.

ಮಾತು ಅಲ್ಲಿಗೆ ಬಂದದ್ದು ಹೀಗೆ. ನಮ್ಮ ಓಣಿಯ ಬಾಗಿಲುಗಳನ್ನು ವರ್ಷಕ್ಕೊಮ್ಮೆ ಓದುವವರು ರಾಚೋಟಿ ಮಾಸ್ತರರು. ಅವರ ಕಣ್ಣಿಗೆ ಪೊರೆ ಬರತೊಡಗಿತ್ತು, ಜೊತೆಗೊಬ್ಬರು ಬೇಕು ಎಂದು ಕೇಳಿದ್ದರು. ನಾನು ಕೆಲಸ ಮಾಡುವ ಗಿರಣಿಯ ಮಾಲಕ ಈರಬಸಪ್ಪ, “ನಮ್ಮ ದುರುಗೇಶ ಅದಾನಲ್ರಿ. ಊರಾಗಿನ ಬಾಗಲದ ಹಲಗಿ ಎಲ್ಲಾ ಬಾಯಿಪಾಠ ಅವಂಗ,” ಎಂದ. ಅಷ್ಟಕ್ಕೇ ಅವಳು ಎದ್ದು ನಿಂತದ್ದು. ಜಗಳಗಂಟಿ ಹೆಂಗಸಾಗಿದ್ದರೆ ನಾನು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಶಾವಂತ್ರೆವ್ವ ಎಣ್ಣೆಯ ಗಾಣದಲ್ಲಿ ದುಡಿದು ಬಂದು ತಲೆ ತಗ್ಗಿಸಿ ಮನೆ ಸೇರುವವಳು. ಯಾರಿಗೂ ಏನೂ ಅಂದವಳಲ್ಲ. ಅಂಥವಳ ಬಾಯಿಂದ ಬಂದದ್ದರಿಂದಲೇ ಅದು ಇಡೀ ಊರಿನ ತೀರ್ಪು ಅನ್ನಿಸಿತು. ನಾನು ಶಾಲೆ ಬಿಟ್ಟದ್ದು ನಿಜ. ಒಬ್ಬನ ಹಲ್ಲು ಮುರಿದದ್ದಕ್ಕೆ ಬಿಡಿಸಿದರು. ಅವನು ನನ್ನ ಅಪ್ಪನ ಬಗ್ಗೆ ಆಡಿದ ಮಾತಿಗೆ ಒಂದು ಹಲ್ಲು ಕಡಿಮೆಯೇ ಆಯಿತು ಎಂದು ಈಗಲೂ ನನ್ನ ಅಭಿಪ್ರಾಯ.

“ಓದಿನ ದಿನಾ ಬರ್ಲಿ,” ಎಂದೆ. “ನಿನ್ನ ಬಾಗಲದಾಗಿನ ತೂತು ಇದ ಮಂದಿ ಮುಂದ ತೋರಸ್ತೀನಿ.”

“ತೋರಸದಿದ್ರ?” ಎಂದು ಹಿಂದಿನಿಂದ ಯಾರೋ ಕೆಣಕಿದರು.

“ಹಲಗಿ ಮುಂದ ಮತ್ತ ನಿಂದ್ರೂದಿಲ್ಲ.”

ರಾಚೋಟಿ ಮಾಸ್ತರರು ಕನ್ನಡಕ ಒರೆಸಿಕೊಳ್ಳುತ್ತ, “ಛಲೋ ಆತು. ಆ ಮನಿ ಹಲಗಿ ಈ ಸಲ ನೀನ ಓದು,” ಎಂದರು. ಶಾವಂತ್ರೆವ್ವ ಮೆಲ್ಲಗೆ ಕೂತಳು. ಅವಳ ಮುಖ ಬಿಳಿಚಿದ್ದನ್ನು ಕಂಡೆ. ನಾನು ಗೆದ್ದೆ ಎಂದುಕೊಂಡೆ.

ನಮ್ಮೂರಿನಲ್ಲಿ ಬೀಗ ನಿಲ್ಲುವುದಿಲ್ಲ. ಯಾವ ಬೀಗಕ್ಕೆ ಯಾವ ಕೀಲಿ ಹಾಕಿದರೂ ತೆರೆಯುತ್ತದೆ. ಕೀಲಿ ಇಲ್ಲದಿದ್ದರೆ ಚಮಚದ ಹಿಂಬದಿಯೂ ಆದೀತು. ಅದಕ್ಕೇ ಬಾಗಿಲುಗಳಿಗೆ ಕೋಡ್ ಬರೆಯುತ್ತೇವೆ. ಬಾಗಿಲ ಪಕ್ಕದ ಹಲಗೆಯ ಮೇಲೆ ಏನು ಬರೆದಿದೆಯೋ ಬಾಗಿಲು ಅದನ್ನು ಮಾಡುತ್ತದೆ, ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯಿಲ್ಲ. ಮನೆಯ ಗುಟ್ಟಿನ ಮಾತು ಮಾತ್ರ ಹಲಗೆಯ ಮೇಲೆ ಇರುವುದಿಲ್ಲ, ಅದನ್ನು ಬಾಗಿಲಿನ ಕಿವಿಯಲ್ಲಿ ಹೇಳಿರುತ್ತಾರೆ. ಹಲಗೆಗೆ ಬಟ್ಟೆ ಮುಚ್ಚಿ ಮರೆಮಾಡಿದರೆ ಬಾಗಿಲು ಮುನಿಸಿಕೊಂಡು ನಿಂತುಬಿಡುತ್ತದೆ, ಮನೆಯವರು ಕಿಟಕಿಯಿಂದ ಹತ್ತಿ ಇಳಿಯಬೇಕಾಗುತ್ತದೆ. ಹಾಗಾಗಿ ಎಲ್ಲರ ಕೋಡೂ ಎಲ್ಲರ ಕಣ್ಣೆದುರೇ ಇರುತ್ತದೆ. ನೆರೆಯವರು ಓದುತ್ತಾರೆ, ಬೀಗರು ಓದುತ್ತಾರೆ, ಹೆಣ್ಣು ನೋಡಲು ಬಂದವರು ಮೊದಲು ಹಲಗೆ ನೋಡಿ ಆಮೇಲೆ ಹುಡುಗಿಯನ್ನು ನೋಡುತ್ತಾರೆ. ಕಳ್ಳರೂ ಓದುತ್ತಾರೆ. ಕಳ್ಳರಿಗಿಂತ ಮೊದಲು ನಾವು ಓದಿ ಮುಗಿಸಬೇಕು, ಓದಿನ ದಿನ ಇರುವುದು ಅದಕ್ಕೆ. ಅವತ್ತು ಓಣಿಯ ಮಂದಿ ಮನೆಯಿಂದ ಮನೆಗೆ ಹೋಗುತ್ತಾರೆ, ಓದುವವನು ಹಲಗೆಯನ್ನು ಗಟ್ಟಿಯಾಗಿ ಓದಿ ‘ತೂತಿಲ್ಲ’ ಅಥವಾ ‘ತೂತಿದೆ’ ಎನ್ನಬೇಕು. ಇದೆ ಎಂದರೆ ಆ ಮನೆಯವರು ದೀಪ ಹಚ್ಚುವುದರೊಳಗೆ ಮುಚ್ಚಿಸಬೇಕು. ಇಲ್ಲ ಎಂದು ಹೇಳಿದ ಮೇಲೆ ತೂತು ಹೊರಬಿದ್ದರೆ ಓದಿದವನ ಮಾತನ್ನು ಮುಂದೆ ಯಾರೂ ನಂಬುವುದಿಲ್ಲ, ಸಂತೆಯಲ್ಲಿ ಬದನೆಕಾಯಿ ಛಲೋ ಅದಾವು ಎಂದರೂ ನಂಬುವುದಿಲ್ಲ.

ತೂತುಗಳು ನಾನಾ ಥರ. ಒಂದು ಮನೆಯ ಬಾಗಿಲು ಬಂದವರ ಹೆಸರು ಕೇಳಿ, ಹೇಳಿದ್ದನ್ನು ಹಾಗೇ ಹಲಗೆಯಲ್ಲಿ ಸೇರಿಸಿಕೊಳ್ಳುತ್ತಿತ್ತು. ಯಾವನೋ ಪುಣ್ಯಾತ್ಮ ತನ್ನ ಹೆಸರು ‘ಬಾಗಿಲು ತೆರೆ’ ಎಂದ. ತೆರೆಯಿತು. ಆ ವರ್ಷ ನೇಕಾರರ ಓಣಿಯಲ್ಲಿ ಕಳವಾದದ್ದು ಇನ್ನೂ ಚೆಂದ. ಕಳ್ಳ ಉಸಿರು ಬಿಡದೆ ಒಂದೇ ಸಮನೆ ಮಾತಾಡಿದನಂತೆ. ಬಾಗಿಲಿನ ಕಿವಿ ತುಂಬಿ, ಹೆಚ್ಚಾದ ಮಾತು ಉಕ್ಕಿ ಹಲಗೆಯ ಸಾಲುಗಳ ಮೇಲೆ ಹರಿದು, ಬಾಗಿಲಿಗೆ ತಾನು ಏನು ಮಾಡಬೇಕೆಂಬುದೇ ಮರೆತುಹೋಯಿತಂತೆ. ಏಳು ಸೀರೆ, ಒಂದು ಹಿತ್ತಾಳೆಯ ಕೊಡ ಹೋದವು. ಅಂದಿನಿಂದ ಊರಿಗೆ ಹೆದರಿಕೆ ಹಿಡಿದಿತ್ತು. ಕಂಪ್ಯೂಟರ್ ಸೆಂಟರಿನವರು ಹಲಗೆ ಓದುವ ಒಂದು ಮಷಿನ್ ತಂದು ಓಣಿ ಓಣಿ ತಿರುಗಿಸಿದರು. ಅದು ತೂತು ಕಂಡಲ್ಲಿ ಕೆಂಪು ಚುಕ್ಕೆ ಅಂಟಿಸುತ್ತಿತ್ತು. ‘ತೆರೆ’ ಎಂಬ ಮಾತು ಇದ್ದ ಕಡೆಯೆಲ್ಲ ಅಂಟಿಸಿತು. ತೆರೆ ಎಂದಿಲ್ಲದ ಬಾಗಿಲು ಎಲ್ಲಿಯದು? ಊರಿಗೆ ಊರೇ ಕೆಂಪಾಯಿತು. ಮೊದಲ ದಿನ ಎಲ್ಲರೂ ಗಾಬರಿಯಾದರು, ಆಮೇಲೆ ಹೆಂಗಸರು ಚುಕ್ಕೆಗಳನ್ನು ಕಿತ್ತು ಹಣೆಗಿಟ್ಟುಕೊಂಡರು.

ನಾನು ಓದಲು ಕಲಿತದ್ದು ಹಿಟ್ಟು ಹೊತ್ತು. ಹಿಟ್ಟಿನ ಡಬ್ಬಿ ತಲೆಯ ಮೇಲಿಟ್ಟುಕೊಂಡು ಮನೆಯೊಳಗಿನವರು ಬರುವವರೆಗೆ ಬಾಗಿಲ ಮುಂದೆ ಕಾಯಬೇಕು. ಕಾಯುವವನ ಕಣ್ಣೆದುರು ಹಲಗೆ ಇರುತ್ತದೆ. ಓದದೆ ಏನು ಮಾಡಲಿ? ಓದುತ್ತ ಓದುತ್ತ ನನಗೆ ಅದೊಂದೇ ಜಗತ್ತಿನಲ್ಲಿ ಸುಳ್ಳು ಹೇಳದ ವಸ್ತು ಅನ್ನಿಸತೊಡಗಿತು. ಮಂದಿ ಒಂದು ಹೇಳಿ ಒಂದು ಮಾಡುತ್ತಾರೆ. ಹಲಗೆ ಹೇಳಿದ್ದನ್ನೇ ಬಾಗಿಲು ಮಾಡುತ್ತದೆ.

ಶಾವಂತ್ರೆವ್ವನ ಮನೆಯ ಹಲಗೆ ಬರೆದವನು ಅವಳ ಗಂಡ ದ್ಯಾಮಣ್ಣ. ಊರಿನ ಅರ್ಧ ಬಾಗಿಲುಗಳು ಅವನ ಕೈಯವೇ. ಅವನ ಹಲಗೆಯಲ್ಲಿ ಯಾರೂ ತೂತು ಕಂಡವರಿಲ್ಲ. ದೊಡ್ಡ ಬರಹಗಾರನಾದ ಮೇಲೆ ಮನುಷ್ಯ ಬಿಗಿಯಾಗಿದ್ದ; ಎರಡು ವರ್ಷಗಳಿಂದ ಯಾರು ಏನು ಮಾತಾಡಿಸಿದರೂ “ಆತು” ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದ. “ಹುಷಾರದೀರೇನ್ರಿ ದ್ಯಾಮಣ್ಣಾರ?” “ಆತು.” “ಮಳಿ ಬರಾಂಗ ಕಾಣ್ತೈತ್ರಿ.” “ಆತು, ಆತು.” ಸೊಕ್ಕು ಎಂದು ನಾನು ತಿಳಿದಿದ್ದೆ. ಓಣಿಯೆಲ್ಲ ಹಾಗೇ ತಿಳಿದಿತ್ತು.

ದಿನಾ ಹೋಗಿ ಆ ಹಲಗೆಯ ಮುಂದೆ ನಿಂತೆ. ಹಿಟ್ಟು ಕೊಡುವ ನೆಪ ಇದ್ದೇ ಇತ್ತು. “ಇಳಿಸಿ ಹೋಗು. ಹಲಗಿಗೆ ದೃಷ್ಟಿ ಹಚ್ಚಬ್ಯಾಡ,” ಎಂದು ಶಾವಂತ್ರೆವ್ವ ಒಳಗಿನಿಂದ ಗದರುತ್ತಿದ್ದಳು. ನಾನು ಇಳಿಸುತ್ತಿದ್ದೆ, ಹೋಗುತ್ತಿರಲಿಲ್ಲ. ಉದ್ದನೆಯ ಹಲಗೆ, ಅಂಚಿಗೆ ಬಣ್ಣದ ಬಳ್ಳಿ. ತಪ್ಪು ಮಾತು ಮತ್ತೆ ಮತ್ತೆ ಬಂದರೆ ಏನು ಮಾಡಬೇಕು, ಉದ್ದ ಮಾತು ಬಂದರೆ ಎಲ್ಲಿ ತುಂಡರಿಸಬೇಕು, ಹೆಸರಿನ ಬದಲು ಅಪ್ಪಣೆ ಬಂದರೆ ಹೇಗೆ ಗುರುತಿಸಬೇಕು, ಎಲ್ಲವನ್ನೂ ದ್ಯಾಮಣ್ಣ ಮೊದಲೇ ಯೋಚಿಸಿ ಬರೆದಿದ್ದ. ಓದುತ್ತ ನನ್ನ ಸಿಟ್ಟು ಅಲ್ಲಲ್ಲಿ ಮರೆತುಹೋಗುತ್ತಿತ್ತು. ಆಮೇಲೆ ಗುಂಡಿ ನೆನಪಾಗಿ ಮತ್ತೆ ಮೊದಲಿನಿಂದ ಓದುತ್ತಿದ್ದೆ.

ಹಲಗೆಯನ್ನು ಬಾಯಿಬಿಟ್ಟು ಓದುವುದು ನಮ್ಮಲ್ಲಿನ ರೂಢಿ. ಎಲ್ಲ ಹಲಗೆಗಳ ಮೊದಲ ಸಾಲುಗಳೂ ಒಂದೇ ಧಾಟಿ. ಕೇಳು. ಕೇಳಿದ್ದನ್ನು ಇಟ್ಟುಕೋ. ತೂಗು. ಸರಿಯಾದರೆ ತೆರೆ. ತಪ್ಪಾದರೆ ಮುಚ್ಚಿರು. ಕೇಳಿದ್ದನ್ನು ಚೆಲ್ಲು. ತೊಟ್ಟಿಲು ತೂಗುವವರೂ ಇದನ್ನೇ ಹಾಡಿಕೊಳ್ಳುತ್ತಾರೆ. ಒಂದು ಮಧ್ಯಾಹ್ನ ನನ್ನ ಬಾಯಿ ತುಂಬ ಹುರಿದ ಸೇಂಗಾ ಇದ್ದವು. ಬಾಯಿಂದ ಓದಲು ಆಗದೆ ಬೆರಳಿಟ್ಟು ಓದಿದೆ. ‘ತಪ್ಪಾದರೆ ಮುಚ್ಚಿರು’ ಮುಗಿದು ಬೆರಳು ಮುಂದಕ್ಕೆ ಜರುಗಿದಾಗ ಅಲ್ಲಿ ‘ಚೆಲ್ಲು’ ಇರಲಿಲ್ಲ. ಬಳ್ಳಿಯ ಒಂದು ಎಲೆ ಮಾತ್ರ ಇತ್ತು. ಇಷ್ಟು ದಿನ ಆ ಸಾಲನ್ನು ನನ್ನ ಬಾಯಿ ತಾನೇ ಸೇರಿಸಿ ಓದಿತ್ತು. ಮಾಸ್ತರರ ಬಾಯಿಯೂ ಸೇರಿಸಿತ್ತು. ಓಣಿಯ ಕಿವಿಯೂ ಅದನ್ನು ಕೇಳಿಸಿಕೊಂಡು ತಲೆಯಾಡಿಸಿತ್ತು.

ಅದರ ಅರ್ಥ ಇಷ್ಟೇ. ಬಾಗಿಲು ಒಮ್ಮೆ ಕೇಳಿದ ಮಾತನ್ನು ಬಿಸಾಡುವುದಿಲ್ಲ. ಮುಂದೆ ಬಂದವನು ಏನಾದರೂ ಹೇಳಿದರೆ ಅದನ್ನು ತೂಗುತ್ತದೆ; ಏನೂ ಹೇಳದೆ ಮೆಟ್ಟಿಲ ಮೇಲೆ ಸುಮ್ಮನೆ ಕೂತರೆ, ಕಾದು ಕಾದು, ಕೊನೆಗೆ ತನ್ನ ಹತ್ತಿರ ಇದ್ದ ಹಳೆಯ ಮಾತನ್ನೇ ತೂಗುತ್ತದೆ. ಆ ಹಳೆಯ ಮಾತು ಮನೆಯವರದು, ಸರಿಯಾದದ್ದು. ತೆರೆಯುತ್ತದೆ. ಬೇರೆಯವರ ಬಾಯಿಯ ಮಾತಿನ ಮೇಲೆ ಯಾವ ಮೂಕನಾದರೂ ಒಳಗೆ ಹೋಗಬಹುದು.

ಅವತ್ತು ರಾತ್ರಿಯ ಊಟ ನನಗೆ ಬಹಳ ರುಚಿಸಿತು. ಮಂದಿಯ ಮುಂದೆ ಹೇಗೆ ಹೇಳಬೇಕು, ಎಲ್ಲಿ ನಿಲ್ಲಿಸಬೇಕು, ಶಾವಂತ್ರೆವ್ವನ ಕಡೆ ಯಾವಾಗ ನೋಡಬೇಕು ಎಂದು ರೂಪಿಸಿಕೊಂಡೆ. ಆದರೆ ತೋರಿಸಿ ಕೊಡಲಾಗದ ತೂತನ್ನು ಹೇಳಬಾರದು. ಮರುದಿನ ಬಿಸಿಲು ನೆತ್ತಿಗೇರಿ ಓಣಿ ಖಾಲಿಯಾದಾಗ ಅವಳ ಮೆಟ್ಟಿಲ ಮೇಲೆ ಕೂತೆ. “ಯಾರು?” ಎಂದಿತು ಬಾಗಿಲು. ನಾನು ಉತ್ತರ ಕೊಡಲಿಲ್ಲ. ಮತ್ತೆ ಕೇಳಿತು. ನಾಯಿಯೊಂದು ಬಂದು ನನ್ನ ಕಾಲು ಮೂಸಿ ಹೋಯಿತು. ಬೆನ್ನು ಬೆವರಿತು. ಆಮೇಲೆ ಹಿಂದೆ ಮರ ಕಿರ್ರೆಂದಿತು, ಒಳಗಿನ ತಂಪು ಗಾಳಿ ಕುತ್ತಿಗೆಗೆ ಬಡಿಯಿತು.

ಒಳಗೆ ದ್ಯಾಮಣ್ಣ ಕಂಬಕ್ಕೊರಗಿ ಕೂತಿದ್ದ. ನನ್ನನ್ನು ಕಂಡು ಗಾಬರಿಯಾಗಲಿಲ್ಲ. ಎದ್ದು ಬಂದು, ಅವತ್ತೂ ನನ್ನ ಅಂಗೈಯಲ್ಲಿದ್ದ ಸೇಂಗಾಗಳನ್ನು ಒಂದೊಂದಾಗಿ ತೆಗೆದುಕೊಂಡು ಸುಲಿದು ತಿಂದ. “ದ್ಯಾಮಣ್ಣಾರ,” ಎಂದೆ. “ಆತು,” ಎಂದ. ಮುಂದೆ ಏನೋ ಹೇಳಲು ಹೊರಟು ತುಟಿ ಕೂಡಿಸಿದ, ಕುತ್ತಿಗೆಯ ನರ ಉಬ್ಬಿತು, ಕೊನೆಗೆ ಬಂದದ್ದು ಮತ್ತೆ “ಆತು.” ಅವನ ಕಣ್ಣಿನಲ್ಲಿ ನೀರು ತುಂಬಿತು, ಆದರೆ ಸೇಂಗಾ ತಿನ್ನುವುದನ್ನು ನಿಲ್ಲಿಸಲಿಲ್ಲ. ಅದು ಸೊಕ್ಕಲ್ಲ ಎಂಬುದು ನನಗೆ ಆಗ ಹೊಳೆಯಿತು.

ಗಾಣದಿಂದ ಬಂದ ಶಾವಂತ್ರೆವ್ವ ಹೊಸ್ತಿಲಲ್ಲೇ ನಿಂತಳು. ಬುಟ್ಟಿ ಇಳಿಸಲಿಲ್ಲ. “ಕಂಡಿ ಅಲ್ಲಾ?” ಎಂದಳು.

“ಕಂಡೆ.”

“ಬೆರಳಿಟ್ಟು ಓದಾಕತ್ತಿದ್ದಿ ಅಂತ ಬಾಜೂ ಮನಿಯಾಕಿ ಹೇಳಿದ್ಲು. ಆವಾಗ ಗೊತ್ತಾತು ನನಗ.” ಆಮೇಲೆ ಬುಟ್ಟಿ ಇಳಿಸಿ, ಸೆರಗಿನಿಂದ ಗಂಡನ ಬಾಯಿ ಒರೆಸಿದಳು. “ಎರಡು ವರ್ಷಾತು. ಒಂದಿನ ಮುಂಜಾನೆ ಎದ್ದ್ರು, ನಾಲಗಿಯಾಗ ಮಾತ ಇರಲಿಲ್ಲ. ಮನಿ ಮಾತು ಹೇಳ್ರಿ ಅಂದ್ರ ಆತು ಅಂತಾರ. ಹೊರಗ ಹೋಗಬ್ಯಾಡ್ರಿ ಅಂದ್ರ ಕೇಳೂದಿಲ್ಲ. ನಾ ಗಾಣಕ್ಕ ಹೋದಾಗ ಹೊರಗ ಹೋಗಿ ಬಂದು ಬಾಗಲಾ ಮುಂದ ನಿಂತರ ಯಾರಾರ ನೋಡ್ತಾರ. ಬಾಗಲಾ ‘ಯಾರು?’ ಅಂದ್ರ ಮಾತ್ರ ಬಾಯಿ ತೆರೀದ ಸುಮ್ಮನ ಕೂತುಬಿಡ್ತಾರ. ಅದಕ ಆ ‘ಚೆಲ್ಲು’ ಅನ್ನೂ ಸಾಲು ಅಳಿಸಿದೆ. ಅವರು ಬರೆದದ್ದರಾಗ ನಾ ಕೈ ಹಾಕಿದ್ದು ಅದೊಂದ ಸಲ. ಆ ಜಾಗಕ್ಕ ಒಂದು ಎಲಿ ಬರದೆ.”

ನೋಡಿದರೆ ಏನಾಗುತ್ತದೆ ಎಂದು ನಾನು ಕೇಳಬೇಕಾಗಿರಲಿಲ್ಲ. ತನ್ನ ಬಾಗಿಲಿಗೆ ಮಾತು ಹೇಳಲಾರದವನು ಆ ಮನೆಯವನಲ್ಲ, ಇದು ಊರಿನ ಕಟ್ಟಳೆ. ಅಂಥವರನ್ನು ಹಳ್ಳದ ಆಚೆಯ ಬಾಗಿಲಿಲ್ಲದ ಮನೆಗೆ ಕಳಿಸುತ್ತಾರೆ. ಅಲ್ಲಿ ಯಾರೂ ಹೊಡೆಯುವುದಿಲ್ಲ, ಹೊತ್ತಿಗೆ ಸರಿಯಾಗಿ ರೊಟ್ಟಿ ಕೊಡುತ್ತಾರೆ. ಆದರೆ ಅಲ್ಲಿಗೆ ಮನೆಯವರು ಹೋಗುವಂತಿಲ್ಲ. ನಾನು ಅಲ್ಲಿಗೂ ಹಿಟ್ಟು ಹೊರುತ್ತೇನೆ. ಅಲ್ಲಿರುವವರು ದಿನವಿಡೀ ಬಾಗಿಲಿಲ್ಲದ ಚೌಕಟ್ಟಿನಲ್ಲಿ ನಿಂತಿರುತ್ತಾರೆ, ಯಾರಾದರೂ ‘ಯಾರು?’ ಎಂದು ಕೇಳಲಿ ಎಂಬ ಹಾಗೆ. ಈ ವರ್ಷದಿಂದ ಅಲ್ಲಿಗೆ ಹೊರುವ ಹಿಟ್ಟು ಒಬ್ಬರ ರೊಟ್ಟಿಯಷ್ಟು ಹೆಚ್ಚಾಗಿದೆ.

“ಮಾಸ್ತರರಿಗೆ ಒಂದು ಮಾತು ಹೇಳಬೇಕಿತ್ತಲ್ಲ?”

“ಅವರು ಒಡಹುಟ್ಟಿದ ತಮ್ಮನ್ನ ಹಳ್ಳದಾಚೆ ಕಳಿಸ್ಯಾರ. ಕೆಟ್ಟವರಲ್ಲ. ಆದ್ರ ಕಂಡದ್ದನ್ನ ಕಂಡಿಲ್ಲ ಅನ್ನಾಕ ಬರೂದಿಲ್ಲ ಅವರಿಗೆ.” ನನ್ನ ಮುಖ ನೋಡಿದಳು. “ಇವರ ಕೈಯ ಹಲಗಿ ಅಂದ್ರ ಮಾಸ್ತರು ಹಾಡಿದಂಗ ಓದಿ ಮುಂದ ಹೋಗ್ತಾರ. ನೀ ಹಂಗ ಓದವ ಅಲ್ಲ. ಅದಕ ನಿನ್ನ ಬ್ಯಾಡ ಅನಿಸಬೇಕಿತ್ತು ಮಂದಿಗೆ. ಅದಕ ಅಂದೆ.”

“ಅದಕ ಅಂದಿ. ಅಂದ್ರ ನನಗ ಓದಾಕ ಬರ್ತೈತಿ ಅಂತ ಗೊತ್ತಿದ್ದ ಅಂದಿ.”

“ಹೂಂ.”

ಯಾವ ಬೈಗುಳಕ್ಕಿಂತಲೂ ಆ ‘ಹೂಂ’ ನನ್ನನ್ನು ಹೆಚ್ಚು ಸುಟ್ಟಿತು. ತಿಳಿಯದವಳು ಅಂದಿದ್ದರೆ ತಿಳಿಗೇಡಿ ಎಂದು ಬಿಡಬಹುದಿತ್ತು. ಆದರೂ ದ್ಯಾಮಣ್ಣ ನನ್ನ ಪಕ್ಕದಲ್ಲಿ ಕೂತು ಖಾಲಿ ಸಿಪ್ಪೆಗಳನ್ನು ಜೋಡಿಸುತ್ತಿದ್ದ, ನಾನು ಎದ್ದು ಹೋಗಲಿಲ್ಲ.

ಆಮೇಲಿನ ಮಧ್ಯಾಹ್ನಗಳನ್ನು ಆ ಮನೆಯಲ್ಲಿ ಕಳೆದೆ. ತೂತು ಮುಚ್ಚಬೇಕು, ದ್ಯಾಮಣ್ಣನಿಗೆ ಮಾತ್ರ ತೆರೆದಿರಬೇಕು. ಸೀಮೆಸುಣ್ಣದಿಂದ ನೆಲದ ಮೇಲೆ ಕೋಡ್ ಬರೆದೆ, ಅಳಿಸಿದೆ. ಬಾಗಿಲನ್ನು ಲಯದಲ್ಲಿ ತಟ್ಟಿದರೆ ತೆರೆಯಲಿ ಎಂದು ಬರೆದೆವು. ದ್ಯಾಮಣ್ಣ ಒಂದು ದಿನ ತಟ್ಟಿದ, ಮರುದಿನ ತನ್ನ ಕೈಯನ್ನೇ ನೋಡುತ್ತ ನಿಂತ. ಹಿತ್ತಾಳೆಯ ಉಂಗುರ ತೋರಿಸಿದರೆ ತೆರೆಯಲಿ ಎಂದೆ. ಉಂಗುರವನ್ನು ಅವನು ದಾರಿಯಲ್ಲಿ ಸಿಕ್ಕ ಮಗುವಿಗೆ ಕೊಟ್ಟು ಬಂದ. ‘ಆತು’ ಎಂಬುದನ್ನೇ ಗುಟ್ಟಿನ ಮಾತು ಮಾಡೋಣವೆಂದೆ. “ದಿನಾ ಓಣಿ ತುಂಬ ಅದನ್ನ ಅಂಕೊಂತ ತಿರಗ್ತಾರ, ಅದೆಂಥಾ ಗುಟ್ಟೋ?” ಎಂದು ಶಾವಂತ್ರೆವ್ವ ನಕ್ಕಳು. ನಾನೂ ನಕ್ಕೆ. ನಾವು ನಕ್ಕದ್ದು ನೋಡಿ ಅವನೂ ನಕ್ಕ. ಎಷ್ಟು ಬರೆದರೂ ಕೊನೆಗೆ ಅದೇ ಗೋಡೆಗೆ ತಲೆ ಬಡಿಯುತ್ತಿತ್ತು. ಏನನ್ನೂ ನೆನಪಿಡಲಾರದವನಿಗೆ, ಏನನ್ನೂ ಹಿಡಿದಿರಲಾರದವನಿಗೆ ತೆರೆಯುವ ಬಾಗಿಲು ಎಲ್ಲರಿಗೂ ತೆರೆಯುತ್ತದೆ.

ಓದಿನ ದಿನ ಹತ್ತಿರ ಬಂತು. “ಏನಂತಿ?” ಎಂದಳು ಒಂದು ದಿನ, ನನಗೆ ಮಜ್ಜಿಗೆ ಕೊಡುತ್ತ.

ನಾನು ಅವತ್ತು ಸುಮ್ಮನೆ ‘ತೂತಿಲ್ಲ ಅಂತೀನಿ’ ಎಂದಿದ್ದರೆ ಆಗುತ್ತಿತ್ತು. ಆದರೆ ಅಂಗಳದಲ್ಲಿ ನಕ್ಕವರ ಮುಖಗಳು ಇನ್ನೂ ನನ್ನ ಕಣ್ಣ ಮುಂದೆ ಇದ್ದವು. “ಎಲ್ಲಾರ ಮುಂದ ಅಂದದ್ದು, ಎಲ್ಲಾರ ಮುಂದ ತಿರುಗಿ ತಗೋ. ಈ ಹುಡುಗ ಓದಬಲ್ಲವ ಅನ್ನು. ನಾ ತೂತಿಲ್ಲ ಅಂತೀನಿ.”

ಅವಳು ಮಜ್ಜಿಗೆಯ ಗಡಿಗೆ ಮುಚ್ಚಿಟ್ಟಳು. “ಅಷ್ಟ ಸಾಕೇನು ನಿನಗ?”

“ಸಾಕು.”

“ಹಂಗಾದ್ರ ಅಂತೀನಿ ಬಿಡು. ಮಾತಲ್ಲ, ಏನು ಸವೀತೈತಿ.”

ಓದಿನ ದಿನ ನಮ್ಮ ಓಣಿಯಷ್ಟೇ ಅಲ್ಲ, ಪಕ್ಕದ ಓಣಿಯ ಮಂದಿಯೂ ಬಂದಿದ್ದರು. ನನ್ನ ಸವಾಲಿನ ಸುದ್ದಿ ಅಷ್ಟು ದೂರ ಹೋಗಿತ್ತು. ಬೇರೆ ವರ್ಷಗಳಲ್ಲಿ ಆ ಮನೆಯ ಮುಂದೆ ಯಾರೂ ಎರಡು ನಿಮಿಷ ನಿಲ್ಲುತ್ತಿರಲಿಲ್ಲ. ದ್ಯಾಮಣ್ಣನ ಕೈಯ ಹಲಗೆ, ನೋಡುವುದೇನಿದೆ ಎಂದು ಮುಂದೆ ಹೋಗುತ್ತಿದ್ದರು. ಅವತ್ತು ಕಟ್ಟೆ ಹತ್ತಿ ನಿಂತಿದ್ದರು. ಅವರನ್ನು ಕರೆದು ನಿಲ್ಲಿಸಿದವನು ನಾನೇ. ದ್ಯಾಮಣ್ಣನಿಗೆ ಶಾವಂತ್ರೆವ್ವ ಇಸ್ತ್ರಿ ಮಾಡಿದ ಅಂಗಿ ಹಾಕಿಸಿ, ಟೊಪ್ಪಿಗೆ ಇಟ್ಟು, ತನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದಳು. ಮಂದಿ ನಮಸ್ಕಾರ ಮಾಡಿದರೆ “ಆತು, ಆತು” ಎನ್ನುತ್ತಿದ್ದ.

ನಾನು ಹಲಗೆಯ ಮುಂದೆ ಹೋಗಿ ನಿಂತಾಗ ಅವಳು ಒಂದು ಹೆಜ್ಜೆ ಮುಂದೆ ಬಂದಳು. “ಮಾಸ್ತರ, ಓದೂಕಿಂತ ಮದ್ಲ ಒಂದು ಮಾತೈತಿ. ಅವತ್ತು ಗಿರಣಿ ಅಂಗಳದಾಗ ನಾ ಈ ಹುಡುಗಗ ಅನಬಾರದ್ದು ಅಂದೆ. ಇಂವ ಓದಬಲ್ಲವ. ಈ ಊರಾಗ ಇವನಷ್ಟು ನಿಯತ್ತಿನಿಂದ ಹಲಗಿ ಓದವರು ಯಾರೂ ಇಲ್ಲ. ನಮ್ಮ ಯಜಮಾನರಿಗೆ ಬಾಯಿ ಬಿಚ್ಚಿ ಹೇಳೂದು ರೂಢಿ ಇಲ್ಲ, ಅವರ ಪರವಾಗೂ ನಾನ ಹೇಳಾಕತ್ತೀನಿ.”

ಒಪ್ಪಂದದಲ್ಲಿ ಇಷ್ಟು ಇರಲಿಲ್ಲ. ನಾನು ಕೇಳಿದ್ದು ನಾಲ್ಕು ಮಾತು, ಅವಳು ಕೈತುಂಬ ಕೊಟ್ಟಳು. ಈರಬಸಪ್ಪ ನನ್ನ ಬೆನ್ನಿಗೆ ಮೆಲ್ಲಗೆ ತಟ್ಟಿದ. ರಾಚೋಟಿ ಮಾಸ್ತರರು ನನ್ನನ್ನು ಮೊದಲ ಸಲ ನೋಡುತ್ತಿರುವವರಂತೆ ನೋಡಿ, “ಓದಪ್ಪಾ,” ಎಂದರು. ‘ಓದೋ’ ಎನ್ನಲಿಲ್ಲ.

ಓದಿದೆ. ದನಿ ಚೆನ್ನಾಗಿ ಬಂತು. ಕೇಳು. ಕೇಳಿದ್ದನ್ನು ಇಟ್ಟುಕೋ. ತೂಗು. ದ್ಯಾಮಣ್ಣನ ತುಟಿಗಳು ನನ್ನ ಜೊತೆ ಅಲುಗುತ್ತಿದ್ದವು. ಮಾತು ಹೋದರೂ ಧಾಟಿ ಅವನನ್ನು ಬಿಟ್ಟು ಹೋಗಿರಲಿಲ್ಲ. ಸರಿಯಾದರೆ ತೆರೆ. ತಪ್ಪಾದರೆ ಮುಚ್ಚಿರು.

ಮುಂದಿನದು ಒಂದೇ ಸಾಲು. ಸುಳ್ಳು ಹೇಳಬೇಕು ಎಂದೇನೂ ಇರಲಿಲ್ಲ. ನಾಲಗೆಯನ್ನು ಅದರ ಪಾಡಿಗೆ ಬಿಟ್ಟಿದ್ದರೆ ಸಾಕಿತ್ತು, ಎಲ್ಲರ ನಾಲಗೆಯ ಹಾಗೆ ಅದೂ ತಾನಾಗಿ ‘ಕೇಳಿದ್ದನ್ನು ಚೆಲ್ಲು’ ಎಂದು ಮುಂದೆ ಹೋಗುತ್ತಿತ್ತು. ಒಂದು ವಾರದಿಂದ ಅದನ್ನೇ ಅಭ್ಯಾಸ ಮಾಡಿದ್ದೆ. ಆದರೆ ಈಗಷ್ಟೇ ಅಷ್ಟು ಜನರ ಮುಂದೆ ನನ್ನನ್ನು ನಿಯತ್ತಿನವನು ಎಂದಿದ್ದರು. ನನ್ನ ಜನ್ಮದಲ್ಲಿ ಯಾರೂ ಎಂದಿರಲಿಲ್ಲ. ಆ ಮಾತು ಇನ್ನೂ ನನ್ನ ಮೈಮೇಲೆ ಬೆಚ್ಚಗಿತ್ತು, ಕಣ್ಣೆದುರು ಎಲೆ ಇತ್ತು, ಅಕ್ಷರ ಇರಲಿಲ್ಲ. ಇಲ್ಲದ ಸಾಲು ನನ್ನ ಬಾಯಿಂದ ಹೊರಡಲಿಲ್ಲ. ಇರುವುದನ್ನು ಹೇಳೋಣವೆಂದರೆ ಇಸ್ತ್ರಿ ಅಂಗಿಯ ದ್ಯಾಮಣ್ಣ ತುಟಿ ಅರ್ಧ ತೆರೆದು, ಮುಂದಿನ ಸಾಲಿಗೆ ಕಾಯುತ್ತ, ನನ್ನನ್ನೇ ನೋಡುತ್ತಿದ್ದ.

“ಆತು,” ಎಂದ ಅವನು. ಬೇಗ ಮುಗಿಸು ಎನ್ನುತ್ತಿದ್ದಾನೆಂದು ತಿಳಿದು ಮಂದಿ ನಕ್ಕರು.

“ಯಾಕ ನಿಂತಿ?” ಎಂದರು ಮಾಸ್ತರರು. “ಗಂಟಲು ಒಣಗಿದ್ರ ನೀರು ಕುಡಿ.”

ನೀರು ಕೊಟ್ಟರು. ಕುಡಿದೆ. ಮತ್ತೆ ಹಲಗೆಯನ್ನು ನೋಡಿದೆ. ನಗು ನಿಂತಿತು. ನಾನು ನಿಂತಷ್ಟೂ ಹೊತ್ತು ಜನ ಹಲಗೆಯ ಆ ಜಾಗವನ್ನು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು. ಇನ್ನೊಂದು ಗಳಿಗೆ ಕಳೆದರೆ ನನ್ನ ಮೌನವೇ ಬೆರಳಾಗಿ ಅದನ್ನು ತೋರಿಸುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ತೆರೆಯಲಿಲ್ಲ.

“ತೂತೈತೋ ಇಲ್ಲೋ? ಒಂದು ಮಾತು ಹೇಳಿಬಿಡು,” ಎಂದರು ಮಾಸ್ತರರು.

ಲೋಟವನ್ನು ಕಟ್ಟೆಯ ಮೇಲಿಟ್ಟು ಮೆಟ್ಟಿಲಿಳಿದೆ. ಮಂದಿ ದಾರಿ ಬಿಟ್ಟರು. “ತೂತು ಸಿಗಲಿಲ್ಲ, ಹೊಂಟ ನೋಡ್ರಿ ಪಂಡಿತ,” ಎಂದು ಪಕ್ಕದ ಓಣಿಯವನೊಬ್ಬ ಅಂದ. ಬೇರೆ ದಿನವಾಗಿದ್ದರೆ ಅವನ ಕೊರಳಪಟ್ಟಿ ನನ್ನ ಕೈಯಲ್ಲಿರುತ್ತಿತ್ತು.

“ದುರುಗೇಶಾ,” ಎಂದು ಶಾವಂತ್ರೆವ್ವ ಕರೆದಳು. ಅವಳು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ಹೇಳಿ ಹೋಗಪ್ಪಾ. ಇಲ್ಲ ಅಂತ ಹೇಳಿ ಹೋಗು.”

ನಾನು ನಡೆದೆ. ಗಿರಣಿಯ ತಿರುವು ಇನ್ನೂ ದೂರವಿತ್ತು.

“ನಾ ಅಂದೆನಲ್ಲೋ, ಎಲ್ಲಾರ ಮುಂದ ಅಂದೆನಲ್ಲ. ನೀನೂ ಒಂದು ಮಾತು ಅನ್ನೋ ತಮ್ಮಾ.”

ಹಿಂದಿನಿಂದ ಮಾಸ್ತರರ ದನಿ ಕೇಳಿಸಿತು, “ಸರೀರಿ, ನಾನ ನೋಡ್ತೀನಿ. ಯಾರರ ನನ್ನ ಕೈ ಹಿಡೀರಿ, ಬೆರಳಿಟ್ಟು ಓದ್ತೀನಿ.” ಅವರು ಮೊದಲಿನಿಂದ ಶುರುಮಾಡಿದರು, ಹಾಡಿನಂತಲ್ಲ, ಒಂದೊಂದೇ ಶಬ್ದ ತಡವಿಕೊಳ್ಳುತ್ತ. ಶಾವಂತ್ರೆವ್ವ ಇನ್ನೊಂದು ಸಲ ನನ್ನ ಹೆಸರು ಕೂಗಿದಳು. ನಾನು ಓಗೊಡಲಿಲ್ಲ, ತಿರುಗಿಯೂ ನೋಡಲಿಲ್ಲ, ತಿರುವಿನವರೆಗೂ ನಡೆದು ಗಿರಣಿಯ ಗೋಡೆಯ ಆಚೆ ಹೋದೆ.